ಕೊನೇ ಸ್ಟಾಪಿನವರು

ನಮ್ಮ ಓಣಿಯಲ್ಲಿ ಆ ಮನೆಯವರನ್ನು ಎಲ್ಲರೂ ‘ಕೊನೇ ಸ್ಟಾಪಿನವರು’ ಎಂದೇ ಕರೆಯುತ್ತಿದ್ದರು. ಶಾಲೆಗೆ ಬೇಸಿಗೆ ರಜೆ ಬಿಟ್ಟಿತೆಂದರೆ ಉಳಿದವರು ಸಮುದ್ರ, ಬೆಟ್ಟ, ನೆಂಟರ ಮನೆ ಅಂತ ಪೆಟ್ಟಿಗೆ ಕಟ್ಟುತ್ತಿದ್ದರು. ಇವರು ಬುತ್ತಿ ಕಟ್ಟುತ್ತಿದ್ದರು. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್. “ಎಲ್ಲಿಗೆ ಸವಾರಿ?” ಅಂದರೆ “ಕೊನೇ ಸ್ಟಾಪಿಗೆ” ಅನ್ನುವ ಉತ್ತರ.

“ಇವರ ಪ್ರವಾಸಕ್ಕೆ ಊರೇ ಬೇಡ ಕಣ್ರೀ, ಬಸ್ಸೊಂದಿದ್ರೆ ಆಯ್ತು,” ಎಂದು ಎದುರುಮನೆಯ ದರ್ಜಿ ಹೊಲಿಗೆ ಯಂತ್ರದ ಹಿಂದಿನಿಂದ ನಗುತ್ತಿದ್ದ.

“ನಗಿ, ನಗಿ. ನೀವು ನಮ್ಮನ್ನ ಓಣಿ ತುದಿಗಾದ್ರೂ ಕರ್ಕೊಂಡು ಹೋಗಿದೀರಾ?” ಎಂದು ಅವನ ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು. ಯಂತ್ರದ ಸದ್ದು ಆಗ ಜೋರಾಗುತ್ತಿತ್ತು.

ಆ ಮನೆಯ ಯಜಮಾನ ಬಸ್ ಕಂಡಕ್ಟರ್. ಚರ್ಮದ ಚೀಲ ಹೊತ್ತು ಹೊತ್ತು ಒಂದು ಹೆಗಲು ತಗ್ಗಿಹೋಗಿದ್ದ ಸಣಕಲು ಆಸಾಮಿ. ಆದರೆ ಗಂಟಲು? ಅಬ್ಬಾ! ಅವನು “ರೈಟ್!” ಅಂದರೆ ರಸ್ತೆಗೆ ಅಡ್ಡ ಮಲಗಿದ ಎಮ್ಮೆಯೂ ಎದ್ದು ಹೊರಡುತ್ತದೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಕನ್ನಡಿ ನೋಡದೆ, ಹಿಂದೆ ತಿರುಗದೆ, ಆ ದನಿಯೊಂದನ್ನೇ ನಂಬಿ ಗೇರ್ ಹಾಕುತ್ತಿದ್ದರು. ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಇಬ್ಬರು ಮಕ್ಕಳು: ದೊಡ್ಡವನು, ಮತ್ತು ಆಗಷ್ಟೇ ಒಂದನೇ ಕ್ಲಾಸು ಮುಗಿಸಿದ್ದ ಗುಬ್ಬಿ.

ಬಸ್ ಕಂಪನಿ ತನ್ನ ಕೆಲಸಗಾರರ ಮನೆಮಂದಿಗೆಲ್ಲ ಸೇರಿಸಿ ಬೇಸಿಗೆ ರಜೆಗೆಂದು ಒಂದು ಪಾಸು ಕೊಡುತ್ತಿತ್ತು. ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಬಹುದು. ಗಂಡ ಹೆಂಡತಿ ಇಬ್ಬರಿಗೂ ರಜೆ ಒಟ್ಟಿಗೆ ಬಿದ್ದ ದಿನ ಮಕ್ಕಳಲ್ಲೊಬ್ಬರು ನಿಲ್ದಾಣದಲ್ಲಿ ನಿಂತು ಬಸ್ಸಿನ ನಂಬರ್ ಆರಿಸಬೇಕು; ಆ ಬಸ್ಸು ಎಲ್ಲಿ ಕೊನೆಗೊಳ್ಳುತ್ತದೋ ಅದೇ ಅವತ್ತಿನ ಊರು. ಒಂದು ಬಸ್ಸು ವಿಮಾನ ಇಳಿಯುವ ಬಯಲಿನ ತಂತಿ ಬೇಲಿಗೆ ಮುಟ್ಟಿಸುತ್ತಿತ್ತು; ಅಲ್ಲಿ ನಿಂತರೆ ವಿಮಾನದ ಹೊಟ್ಟೆ ತಲೆ ಸವರಿಕೊಂಡೇ ಹೋಗುತ್ತಿತ್ತು. ಇನ್ನೊಂದು ಮರದ ಅಡ್ಡೆಗೆ. ಅಲ್ಲಿ ಗರಗಸದ ಹೊಟ್ಟಿನ ಗುಡ್ಡೆ ಮೇಲೆ ಜಾರಬಹುದಿತ್ತು. ಬೇಯಿಸಿದ ಮೊಟ್ಟೆ, ರೊಟ್ಟಿ, ಬಾಟಲಿಯಲ್ಲಿ ನೀರು. ಯಾವ ರಾಜನ ಮಕ್ಕಳಿಗಿತ್ತು ಹೇಳಿ ಅಂಥ ಸುಖ?

ಗುಬ್ಬಿಗಂತೂ ಬಸ್ಸೆಂದರೆ ಪ್ರಾಣ. ಅಮ್ಮನ ಚೀಲ ಹೆಗಲಿಗೆ ಹಾಕಿಕೊಂಡು ಮನೆಯವರಿಗೆಲ್ಲ ಟಿಕೆಟ್ ಹರಿಯುತ್ತಿದ್ದಳು. ಬಸ್ಸು ನಿಲ್ಲುವ ಮೊದಲೇ ಅಪ್ಪ ಹಾರಿ ಇಳಿಯುವುದನ್ನು ನೋಡಿ ತಾನೂ ಜಗಲಿಯ ಮೆಟ್ಟಿಲಿನಿಂದ ಹಾಗೇ ಹಾರಿ, ಮುಂದಕ್ಕೆ ನಾಲ್ಕು ಹೆಜ್ಜೆ ಓಡಿ ನಿಲ್ಲುವುದನ್ನು ಕಲಿತಿದ್ದಳು.

“ನೋಡ್ರೀ ನಿಮ್ಮ ವಿದ್ಯೆ! ಯಾವತ್ತಾದ್ರೂ ಮೂತಿ ಒಡ್ಕೊಳ್ತಾಳೆ,” ಎಂದು ಹೆಂಡತಿ ಬೈದರೆ, “ನನ್ನ ಮಗಳಲ್ವೇನೇ? ಬಿದ್ರೂ ಕಾಲ ಮೇಲೇ ಬೀಳ್ತಾಳೆ,” ಎಂದು ಅವನು ಹಿಗ್ಗುತ್ತಿದ್ದ.

ಊಟಕ್ಕೆ ಕೂತಾಗ ಅವನ ಕಥೆಗಳೆಲ್ಲ ಟಿಕೆಟ್ ಇಲ್ಲದವರದ್ದೇ. ಕೋಟು ಹಾಕಿದವನು ಹೇಗೆ ನಿದ್ದೆ ನಟಿಸಿದ, ತಾನು ಹೇಗೆ ಕಾಲರ್ ಹಿಡಿದು ಎಬ್ಬಿಸಿದೆ, ಪೊಲೀಸರು ಬಂದಾಗ ಅವನು ಹೇಗೆ ಅತ್ತ ಎಂದು ದನಿ ಬದಲಿಸಿ ಬದಲಿಸಿ ಹೇಳುತ್ತಿದ್ದ. ಕೊನೆಗೆ ತಟ್ಟೆ ಕುಟ್ಟಿ, “ಟಿಕೆಟ್ ಇಲ್ದೋರಿಗೆ ನನ್ನ ಬಸ್ಸಲ್ಲಿ ಜಾಗ ಇಲ್ಲ. ನನ್ನಪ್ಪ ಬಂದ್ರೂ ಅಷ್ಟೇ!” ದೊಡ್ಡವನು ಬಿದ್ದು ಬಿದ್ದು ನಗುತ್ತಿದ್ದ. ಗುಬ್ಬಿ ಮಾತ್ರ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಅವತ್ತು ನಂಬರ್ ಆರಿಸಿದ್ದು ಗುಬ್ಬಿಯೇ. ಹಳದಿ ಫ್ರಾಕು, ಕಾಲಿಗೆ ಹೊಸ ಚಪ್ಪಲಿ. ಆ ಬಸ್ಸು ಕರೆದೊಯ್ದದ್ದು ನೀರು ಶುದ್ಧಮಾಡುವ ಕಾರ್ಖಾನೆಯ ಹುಲ್ಲುಹಾಸಿಗೆ. ಹುಲ್ಲಿಗೆ ಚಿಮ್ಮುವ ನೀರಿನಲ್ಲಿ ದಿನವಿಡೀ ಕುಣಿದು, ಮೈಯೆಲ್ಲ ಒದ್ದೆ ಮಾಡಿಕೊಂಡು, ಇಳಿಹೊತ್ತಿನಲ್ಲಿ ವಾಪಸ್ ಹೊರಟರು. ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಸೀಟಿನಲ್ಲಿ ಹೇಗೋ ತೂರಿ ಕೂತರು. ಮನೆ ಕಡೆಯ ಬಸ್ಸಿಗಾಗಿ ದೊಡ್ಡ ಸರ್ಕಲ್ಲಿನಲ್ಲಿ ಇಳಿಯಬೇಕು. ಮೊದಲು ಹೆಂಡತಿ ಬುತ್ತಿಚೀಲ ಹಿಡಿದು ಇಳಿದಳು, ಆಮೇಲೆ ದೊಡ್ಡವನು, ಅವನ ಬೆನ್ನಿಗೆ ಕಂಡಕ್ಟರ್. ಗುಬ್ಬಿ ಅಪ್ಪನ ಹಿಂದೆಯೇ ಇದ್ದಳು. ಮೆಟ್ಟಿಲ ಹತ್ತಿರ ಬಂದಾಗ ಒಂದು ಚಪ್ಪಲಿ ಸೀಟಿನ ಕೆಳಗೇ ಉಳಿದದ್ದು ನೆನಪಾಗಿ ಹಿಂದಕ್ಕೆ ಓಡಿದಳು.

ಕಂಡಕ್ಟರ್ ನೆಲಕ್ಕೆ ಕಾಲಿಟ್ಟ. ವರ್ಷಗಟ್ಟಲೆಯ ಅಭ್ಯಾಸ, ಕೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಸ್ಸಿನ ಮೈಗೆ ಎರಡು ಸಲ ತಟ್ಟಿತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

“ರೈಟ್!”

ಬಸ್ಸು ಹೊರಟಿತು.

“ಗುಬ್ಬಿ ಎಲ್ಲಿ?” ಅಂದಳು ಹೆಂಡತಿ.

ಅವನು ಬೆರಳು ಚಾಚಿ ಹಿಂದೆ ತಡಕಿದ. ಗಾಳಿ ಬಿಟ್ಟರೆ ಏನೂ ಸಿಗಲಿಲ್ಲ.

ಓಡಿದ. “ಹೋಲ್ಡಾನ್! ಹೋಲ್ಡಾನ್!” ಎಂದು ಕಿರುಚಿದ. ಎಮ್ಮೆಯನ್ನೂ ಎಬ್ಬಿಸುವ ಗಂಟಲು ಆ ಸರ್ಕಲ್ಲಿನ ಗದ್ದಲದಲ್ಲಿ ಸೊಳ್ಳೆ ಗುಂಯ್ ಅಂದಂತಾಯಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಆಗ ಅವನಿಗೆ ಜಗಲಿಯ ಮೆಟ್ಟಿಲು ಕಣ್ಣಿಗೆ ಕಟ್ಟಿತು. ನಾವು ಇಳಿದದ್ದನ್ನು ನೋಡಿ ಅವಳೂ ಹಾರಿದರೆ? ಓಡುವ ಬಸ್ಸಿನಿಂದ ಹೇಗೆ ಇಳಿಯುವುದೆಂದು ಅವಳಿಗೆ ಗೊತ್ತು. ಕಲಿಸಿದವನು ನಾನೇ.

“ನೀನು ಇವನನ್ನ ಹಿಡ್ಕೊಂಡು ಇಲ್ಲೇ ನಿಂತಿರು. ಅಲ್ಲಾಡಬೇಡ,” ಎಂದು ಹೆಂಡತಿಗೆ ಹೇಳಿ ಹಿಂದೆ ಬಂದ ಬಸ್ಸಿಗೆ ನೇತುಬಿದ್ದ. ದಾರಿಯುದ್ದಕ್ಕೂ ಮೆಟ್ಟಿಲ ಮೇಲೆಯೇ ನಿಂತು ರಸ್ತೆಯ ಅಂಚನ್ನೇ ನೋಡಿದ. ಹಳದಿ ಕಂಡಲ್ಲೆಲ್ಲ ಉಸಿರು ನಿಂತಿತು. ಒಂದು ಎಣ್ಣೆ ಡಬ್ಬ. ಗಾಳಿಗೆ ಹೊರಳುವ ಪ್ಲಾಸ್ಟಿಕ್ ಚೀಲ. ಯಾವುದೋ ಮನೆಯ ಮುಂದೆ ಒಣಗಲು ಹಾಕಿದ ಬಟ್ಟೆ. ನೋಡಬೇಕು ಅನ್ನಿಸುತ್ತಿತ್ತು, ಕಾಣದಿದ್ದರೆ ಸಾಕು ಅಂತಲೂ ಅನ್ನಿಸುತ್ತಿತ್ತು.

ಕೊನೆಯ ನಿಲ್ದಾಣದಲ್ಲಿ ಆ ಬಸ್ಸಿನ ಕಂಡಕ್ಟರ್ ಸಿಕ್ಕ. ಹೊಸದಾಗಿ ಸೇರಿದ ಹುಡುಗ, ಚಹಾ ಕುಡಿಯುತ್ತಾ ನಿಂತಿದ್ದ.

“ಮಗುನಾ? ನನ್ನ ಬಸ್ಸಲ್ಲಿ ಒಂಟಿ ಮಗು ಯಾವುದೂ ಇರ್ಲಿಲ್ಲ ಅಣ್ಣ. ಎಲ್ಲಾರೂ ಇಳಿದ್ಮೇಲೆ ನಾನೇ ಬಾಗಿಲಲ್ಲಿ ನಿಂತು ನೋಡ್ದೆ. ಪೂರ್ತಿ ಖಾಲಿ. ಡ್ರೈವರಣ್ಣ ಡಿಪೋಗೆ ತಗೊಂಡು ಹೋದ್ರು.” ಆಮೇಲೆ ಮುಖ ಸಣ್ಣದು ಮಾಡಿಕೊಂಡು, “ಸರ್ಕಲ್ಲಲ್ಲಿ ನಾನು ಮುಂದೆ ಟಿಕೆಟ್ ಹರೀತಿದ್ದೆ. ರೈಟ್ ಅಂದಿದ್ದು ನೀವೇ ಅಲ್ವಾ ಅಣ್ಣ? ನಿಮ್ಮ ದನಿ ಅಂತಾನೇ ಅವರು ಗಾಡಿ ಎತ್ತಿದ್ದು.”

ಖಾಲಿ. ಹಾಗಾದರೆ ಮಗು ದಾರಿಯಲ್ಲೇ ಹಾರಿದೆ.

ಬಂದ ದಾರಿಯನ್ನೇ ಹಿಡಿದು ನಡೆದ. ಚರಂಡಿಗಳಿಗೆ ಇಣುಕಿದ, ಸೇತುವೆಯ ಕಟ್ಟೆಗೆ ಹೊಟ್ಟೆ ಒತ್ತಿ ಕೆಳಗೆ ನೋಡಿದ. ಒಂದು ಕಡೆ ಟಾರು ರಸ್ತೆಯ ಮೇಲೆ ಕಪ್ಪಗೆ ಒದ್ದೆ ಕಲೆ. ಅಲ್ಲೇ ಮಂಡಿಯೂರಿ, ಬೆರಳು ಅದ್ದಿ ಮೂಗಿಗೆ ಹಿಡಿದ. ಎಂಜಿನ್ ಆಯಿಲ್. ಬೆರಳನ್ನು ಅಂಗಿಗೆ ಒರೆಸಿಕೊಂಡು ಅಲ್ಲೇ ಕೂತಿದ್ದ. ಪಂಕ್ಚರ್ ಅಂಗಡಿಯವನು ರಟ್ಟೆ ಹಿಡಿದು ಎಬ್ಬಿಸಿದ.

“ಏನ್ ಕಳ್ಕೊಂಡ್ರಿ ಯಜಮಾನ್ರೇ?”

“ಮಗು. ಹಳದಿ ಫ್ರಾಕು.”

“ಈ ರಸ್ತೇಲಿ ಮಗು ಬಿದ್ದಿದ್ರೆ ಇಷ್ಟೊತ್ತಿಗೆ ಜನ ಮುತ್ತಿಕೊಂಡಿರೋರು. ಏನೂ ಆಗಿಲ್ಲ. ಧೈರ್ಯ ತಗೊಳ್ಳಿ.”

ಸರ್ಕಲ್ಲಿನಲ್ಲಿ ಹೆಂಡತಿ ಅವನು ಹೇಳಿದ ಜಾಗದಲ್ಲೇ ನಿಂತಿದ್ದಳು. ದೊಡ್ಡವನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವನ ಬೆರಳುಗಳು ಬಿಳುಚಿಕೊಂಡಿದ್ದವು. ಅವಳು ಗಂಡನ ಮುಖ ನೋಡಲಿಲ್ಲ, ಖಾಲಿ ಕೈ ನೋಡಿದಳು.

“ಬಸ್ಸು?” ಅಂದಳು.

“ಖಾಲಿ ಇತ್ತಂತೆ.”

“ಅಂತೆ? ನೀವು ನೋಡಿದ್ರಾ?”

“ಆ ಹುಡುಗ ನೋಡಿದಾನೆ ಕಣೇ...”

“ಅವನೇನು ಅವಳನ್ನ ಹೆತ್ತಿದಾನಾ? ನಡೀರಿ, ನಾನು ನೋಡ್ಬೇಕು.”

ಡಿಪೋದಲ್ಲಿ ಬಸ್ಸುಗಳು ಸಾಲುಗಟ್ಟಿ ಮೈ ತೊಳೆಸಿಕೊಳ್ಳುತ್ತಿದ್ದವು. ಪೈಪಿನ ನೀರು ತಗಡಿಗೆ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ. ಅವರ ಬಸ್ಸು ಗೋಡೆಯ ಪಕ್ಕದಲ್ಲಿತ್ತು. ಗುಡಿಸುವ ಅಜ್ಜಿ ಪೊರಕೆ ಹಿಡಿದು ಇಳಿಯುತ್ತಿದ್ದಳು.

“ನೋಡಪ್ಪಾ, ಹಿಂದಿನ ಸೀಟಿನ ಕೆಳಗೆ ಯಾವುದೋ ಬೆಕ್ಕು ಸೇರ್ಕೊಂಡಿದೆ. ಪೊರಕೆ ಹಾಕಿದ್ರೆ ಒಳಒಳಗೇ ಸರೀತದೆ, ಹೊರಗೆ ಬರ್ತಿಲ್ಲ. ನನಗೆ ಬಗ್ಗಿ ನೋಡೋಕಾಗಲ್ಲ, ಸೊಂಟ ಹಿಡ್ಕೊಂಡಿದೆ.”

ಕಂಡಕ್ಟರ್ ಒದ್ದೆ ನೆಲದ ಮೇಲೆ ಉದ್ದಕ್ಕೆ ಬೋರಲು ಬಿದ್ದ. ಸೀಟಿನ ಕೆಳಗಿನ ಕತ್ತಲಲ್ಲಿ ಎರಡು ಪುಟ್ಟ ಪಾದ. ಎರಡಕ್ಕೂ ಚಪ್ಪಲಿ ಇತ್ತು.

“ಗುಬ್ಬೀ! ನನ್ನ ಕಂದಾ! ಬಾ.”

ಪಾದಗಳು ಇನ್ನೂ ಒಳಕ್ಕೆ ಸರಿದವು.

“ನನ್ನ ಹತ್ರ ಟಿಕೆಟ್ ಇಲ್ಲ,” ಎಂದಿತು ದನಿ. “ಪಾಸು ನಿನ್ನ ಜೇಬಲ್ಲೇ ಹೋಯ್ತು.”

“ಅಪ್ಪ ಕಣೇ ಪುಟ್ಟಾ. ನಾನು ಅಪ್ಪ.”

“ಗೊತ್ತು.”

ಆ ‘ಗೊತ್ತು’ ಕೇಳಿ ಅವನ ಚಾಚಿದ ಕೈ ಅಲ್ಲೇ ನಿಂತಿತು. ಹೆಂಡತಿ ಅವನನ್ನು ದಾಟಿ, ಸೀಟಿನ ಕೆಳಗೆ ತೂರಿ ಮಗುವನ್ನು ಎಳೆದುಕೊಂಡಳು. ಗುಬ್ಬಿಯ ಫ್ರಾಕೆಲ್ಲ ಕೊಚ್ಚೆ. ಅಪ್ಪ ಹತ್ತಿರ ಬಂದಾಗ ಅಮ್ಮನ ಕುತ್ತಿಗೆಗೆ ಮುಖ ಹುದುಗಿಸಿ, “ಪೊಲೀಸರಿಗೆ ಕೊಡಬೇಡ ಅನ್ನು,” ಎಂದು ಪಿಸುಗುಟ್ಟಿದಳು. ಅವನು ಬಸ್ಸಿನ ನೆಲದ ಮೇಲೆಯೇ ಕೂತುಬಿಟ್ಟ.

ಮಗು ಸಿಕ್ಕಿತು, ಗಾಯವಿಲ್ಲ, ಗೀರಿಲ್ಲ. ಓಣಿಯವರು ಬಂದು ನೋಡಿದರು, ದರ್ಜಿಯ ಹೆಂಡತಿ ಗುಬ್ಬಿಯ ಕೈಗೆ ಸಕ್ಕರೆ ಹಾಕಿದಳು, ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಖಾಕಿ ಬಟ್ಟೆಯಲ್ಲಿ ಅವನು ಹೊಸ್ತಿಲು ತುಳಿದರೆ ಗುಬ್ಬಿ ಅಡುಗೆಮನೆ ಸೇರುತ್ತಿದ್ದಳು. ಅವನು ಬಾಗಿಲ ಹೊರಗೇ ಅಂಗಿ ಕಳಚಿ, ಬನಿಯನ್ನಿನಲ್ಲಿ ಒಳಗೆ ಬರಲು ಕಲಿತ. ಆದರೂ ಅವಳು ದೂರ ದೂರ. ರಸ್ತೆಯಲ್ಲಿ ಕಳೆದುಹೋಗದ ಮಗು ಮನೆಯೊಳಗೇ ತನ್ನ ಕೈತಪ್ಪಿ ಹೋಯಿತೇನೋ ಎಂಬ ಹೆದರಿಕೆ ಅವನನ್ನು ತಿನ್ನತೊಡಗಿತು. ಊಟದ ಹೊತ್ತಿನ ಕಥೆಗಳು ನಿಂತವು. ಬಸ್ಸಿನಲ್ಲಿ ‘ರೈಟ್’ ಅನ್ನುವುದನ್ನೂ ಬಿಟ್ಟ. ಸೀಟಿ ಊದಿಯೇ ದಿನ ದೂಡಿದ.

“ಏನ್ರೀ, ಕೊನೇ ಸ್ಟಾಪಿನವರು ಈಗ ಮೊದಲನೇ ಸ್ಟಾಪಲ್ಲೇ ಇದೀರಾ?” ಎಂದು ದರ್ಜಿ ಕೇಳಿ ಹೆಂಡತಿಯಿಂದ ಬೈಸಿಕೊಂಡ.

ರಜೆ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕಂಡಕ್ಟರ್ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಗುಬ್ಬಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಪಾಸು ನನ್ನ ಕೈಗೆ ಕೊಡ್ತೀಯಾ?”

“ಯಾಕಮ್ಮ?”

“ನನ್ನ ಹತ್ರಾನೇ ಇದ್ರೆ ಬರ್ತೀನಿ.”

ಅವನು ನೊರೆ ಮೆತ್ತಿದ ಮುಖದಲ್ಲೇ ಹೋಗಿ ಪಾಸು ತಂದ. ಬಗ್ಗಿ, ಅದನ್ನು ಅವಳ ಅಂಗೈಯಲ್ಲಿಟ್ಟ. ಅವತ್ತು ಎಲ್ಲರೂ ವಿಮಾನದ ಬೇಲಿಗೆ ಹೋದರು. ಗುಬ್ಬಿ ಪಾಸನ್ನು ಮುಷ್ಟಿಯಲ್ಲಿ ಬೆವರುವಷ್ಟು ಬಿಗಿ ಹಿಡಿದು ಅಮ್ಮನ ಪಕ್ಕ ಕೂತಿದ್ದಳು. ಇಳಿಯುವಾಗ ಅವನು ಎಲ್ಲರನ್ನೂ ಮುಂದೆ ಬಿಟ್ಟು, ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿ, ಕೊನೆಯವನಾಗಿ ಇಳಿದ. ಅವಳು ಕೆಳಗೆ ಕಾಯುತ್ತಿದ್ದಳು. ಬೇಲಿಯ ತನಕ ಅವನ ಅಂಗಿಯ ತುದಿ ಹಿಡಿದು ನಡೆದಳು. ಕೈ ಹಿಡಿಯಲು ಇನ್ನೊಂದು ಬೇಸಿಗೆ ಬೇಕಾಯಿತು.

ಬಗ್ಗಿ ನೋಡುವುದು ಅವನನ್ನು ಮತ್ತೆ ಬಿಡಲಿಲ್ಲ. ನೌಕರಿ ಇರುವತನಕ ಬಸ್ಸು ಡಿಪೋಗೆ ಹೋಗುವ ಮುಂಚೆ ಮಂಡಿಯೂರಿ ನೋಡುತ್ತಿದ್ದ. ಮದುವೆ ಮನೆ, ಆಸ್ಪತ್ರೆ, ನೆಂಟರ ಮನೆ, ಎಲ್ಲಿಂದ ಹೊರಟರೂ ಅವನೇ ಕಡೆಯವನು. ನೌಕರಿಯಿಂದ ನಿವೃತ್ತನಾದ ಮೇಲೆ ಕಂಪನಿ ಕೊಟ್ಟಿದ್ದ ಆ ಮನೆ ಬಿಡಬೇಕಾಗಿ ಬಂತು. ಸಾಮಾನೆಲ್ಲ ಗಾಡಿ ಸೇರಿ, ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿದ್ದವು. ಬೆಳೆದು ಕೆಲಸಕ್ಕೆ ಸೇರಿದ್ದ ಗುಬ್ಬಿ, ಅಣ್ಣ, ಅಮ್ಮ ಹೊರಗೆ ಬಿಸಿಲಲ್ಲಿ ನಿಂತಿದ್ದರು.

“ರೀ, ಒಳಗೆ ಇನ್ಯಾರಿದಾರೆ? ಜಿರಲೆ ಬಿಟ್ರೆ?” ಎಂದು ಹೆಂಡತಿ ಕೂಗಿದಳು.

“ಜಿರಲೆಗೆ ದಾರಿ ಗೊತ್ತಿರುತ್ತೆ ಕಣೇ, ಇರು,” ಎಂದು ಒಳಗಿನಿಂದ ದನಿ ಬಂತು.

ಅವನು ಬಚ್ಚಲು ನೋಡಿದ. ಅಡುಗೆಮನೆಯ ಕಟ್ಟೆಯ ಕೆಳಗೆ ನೋಡಿದ. ಬಾಗಿಲ ಹಿಂದೆ ನೋಡಿದ. ಹೊರಗೆ ಬಂದವನು ಜಗಲಿಯಿಂದಲೇ ಮೂವರ ಮುಖವನ್ನೂ ಒಂದೊಂದಾಗಿ ದಿಟ್ಟಿಸಿದ. ಆದರೂ ಸಮಾಧಾನವಾಗದೆ ಮತ್ತೊಮ್ಮೆ ಒಳಗೆ ಹೋಗಿ ಖಾಲಿ ನಡುಮನೆಯಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. ಆಮೇಲೆ ಬಾಗಿಲೆಳೆದು, ಚಿಲಕ ಹಾಕಿ, ಗೋಡೆ ಹಿಡಿದುಕೊಂಡು ನಿಧಾನಕ್ಕೆ ಮೆಟ್ಟಿಲಿಳಿದ.