ಭಾವನ ಕಿರುಬೆರಳು

ನಮ್ಮ ಭಾವ ಬೋರ್ಡು ಬರೆಯುವವರು. ಊರಿನ ಅರ್ಧ ಅಂಗಡಿಗಳ ತಲೆಯ ಮೇಲೆ ಅವರ ಅಕ್ಷರಗಳು ಕೂತಿವೆ. ಈಚೆಗೆ ನರದ ಕಾಯಿಲೆಯಿಂದ ಬಲಗೈ ನಡುಗತೊಡಗಿ, ಸೊನ್ನೆ ಬರೆದರೆ ಹಲ್ಲುಚಕ್ರವಾಗುತ್ತಿತ್ತು. ಆದರೂ ಮಗಳ ಹೊಲಿಗೆ ಅಂಗಡಿಯ ಬೋರ್ಡು ತಾನೇ ಬರೆಯುತ್ತೇನೆಂದು ಹಟ.

ಆಸ್ಪತ್ರೆಯ ನಡುಕ ಅಳೆಯುವ ಕೋಣೆಗೆ ಅಕ್ಕನೂ ನಾನೂ ಜೊತೆಗೆ ಹೋದೆವು. ಕಿಟಕಿಗೆ ತಿಳಿನೀಲಿ ಗಾಜು. ಒಳಗೆಲ್ಲ ನೀರಿನಡಿಯ ಬೆಳಕು. ಯಂತ್ರ ನೋಡಿಕೊಳ್ಳುವ ಹುಡುಗಿ ಬೆರಳಿಗೆ ತೊಡಿಸುವ ಉಂಗುರದಂಥದ್ದೊಂದನ್ನು ತಂದಳು. ಭಾವನಿಗೆ ಧೈರ್ಯ ಬರಲೆಂದು ನಾನೇ ಮೊದಲು ಬೆರಳು ಚಾಚಿದೆ. ಪರದೆಯ ಮೇಲೆ ಗೆರೆ ಕುಣಿಯಿತು.

"ನಿಮಗೇನೂ ಇಲ್ಲ ಸಾರ್, ಹೆದರಿಕೆ ಅಷ್ಟೆ," ಎಂದಳು ಹುಡುಗಿ.

ನಂತರ ಉಂಗುರ ಭಾವನ ಬೆರಳಿಗೇರಿತು. ಅವರು ಗಾಜಿನ ಹಲಗೆಯ ಮೇಲೆ ಸುರುಳಿ ಬರೆಯಬೇಕು. "ಕೈ ಊರಬೇಡಿ ಅಂಕಲ್," ಎಂದು ಹೇಳಿ ಹುಡುಗಿ ಪರದೆಯತ್ತ ತಿರುಗಿದಳು. ಸುರುಳಿ ನುಣುಪಾಗಿ ಬಂತು.

"ವಾ, ನಡುಕ ಕಮ್ಮಿನೇ ಇದೆ! ಡಾಕ್ಟರು ಮಾತ್ರೆ ಬದಲಾಯಿಸಲ್ಲ ಬಿಡಿ."

ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ.

"ರೀ, ಕಿರುಬೆರಳು ಎತ್ತಿ."

ನೋಡಿದರೆ ಕಿರುಬೆರಳ ತುದಿ ಮೆಲ್ಲಗೆ ಗಾಜಿಗೆ ಊರಿಕೊಂಡಿದೆ! ಬೋರ್ಡು ಬರೆಯುವವರ ವಾಡಿಕೆ ಅದು. ಆ ಒಂದು ಬೆರಳು ಊರಿದರೆ ಉಳಿದ ಕೈ ನಿಲ್ಲುತ್ತದೆ.

"ಅಭ್ಯಾಸ ಕಣೇ," ಎಂದರು ಭಾವ.

"ನನ್ನ ಹತ್ರ ಬೇಡ. ನಿಜ ಕಂಡ್ರೆ ಬ್ರಷ್ ಬಿಡಿ ಅಂತಾರೆ ಅಂತ ಭಯ ನಿಮಗೆ. ಸುಳ್ಳು ಅಳತೆ ಕೊಟ್ರೆ ಸರಿಯಾದ ಮಾತ್ರೆ ಎಲ್ಲಿಂದ ಬರುತ್ತೆ? ಮಗಳ ಬೋರ್ಡು ಇವನ ಕೈಲಿ ಬರೆಸ್ಲಾ?"

ಇವನು ಅಂದರೆ ನಾನು. ಬೆದರಿಕೆ ಸರಿಯಾಗಿ ನಾಟಿತು.

ಭಾವ ಕಿರುಬೆರಳು ಎತ್ತಿದರು. ಪರದೆಯ ತುಂಬ ಅಲೆಗಳೆದ್ದವು, ಒಂದರ ಬೆನ್ನಿಗೊಂದು, ದಡವೇ ಇಲ್ಲದ ನೀರಿನ ಹಾಗೆ. ಕೋಣೆಯೇ ಮೆಲ್ಲಗೆ ತೇಲಿದಂತಾಯಿತು.

"ಬೋರ್ಡಲ್ಲಿ ನೀರಿನ ಅಲೆ ಬರೀಬೇಕು ಅಂತ ಎಷ್ಟು ಆಸೆ ಇತ್ತು ಕಣೋ," ಎಂದರು ಭಾವ, ಕಣ್ಣು ಕೀಳದೆ. "ಒಂದಿನವೂ ಕೈಗೆ ಬಂದಿರ್ಲಿಲ್ಲ."

ಡಾಕ್ಟರು ಮಾತ್ರೆ ಬದಲಾಯಿಸಿದರು. ಬ್ರಷ್ಷಿನ ಸುದ್ದಿಯನ್ನೇ ಎತ್ತಲಿಲ್ಲ. ಏಣಿ ಮಾತ್ರ ಹತ್ತಬೇಡಿ ಎಂದರು. ಕೆಲವು ವಾರಗಳ ಮೇಲೆ ಭಾವ ಹಲಗೆಯನ್ನು ನೆಲಕ್ಕೆ ಮಲಗಿಸಿಕೊಂಡು ಮಗಳ ಬೋರ್ಡು ಬರೆದರು. ಕಿರುಬೆರಳಿನ ಕೃಪೆ, ಫೋನ್ ನಂಬರಿನ ಸೊನ್ನೆಗಳು ಸೊನ್ನೆಯಂತೆಯೇ ಇವೆ. ಕೆಳಗೊಂದು ನೀಲಿ ಅಲೆಗೆರೆ. ಅದನ್ನು ಎಳೆಯುವಾಗ ಮಾತ್ರ ಕಿರುಬೆರಳು ಗಾಳಿಯಲ್ಲಿತ್ತು.

ಏಣಿ ಹತ್ತಿ ಬೋರ್ಡು ತೂಗುಹಾಕಿದವನು ನಾನು. ನನ್ನ ಕಾಲಿನ ನಡುಕ ಅಳೆಯಲು ಯಂತ್ರ ಬೇಕಾಗಲಿಲ್ಲ. ಏಣಿಯೇ ಬೀದಿಗೆಲ್ಲ ಸಾರಿತು.