ಕಸ್ಬಾದ ಪೆಂಡಾಲಿನಲ್ಲಿ ಅಪ್ಪನ ಅಟ್ಟಣೆ

ಮೊನ್ನೆ ಸಂಜೆ ಕೋಲ್ಕತ್ತಾದ ಕಸ್ಬಾ ಬಡಾವಣೆಯ ದುರ್ಗಾಪೂಜೆ ಪೆಂಡಾಲಿನಲ್ಲಿ ನಮ್ಮಪ್ಪ ಚಪ್ಪಲಿ ಕಳಚಿಟ್ಟು ಸರಸರನೆ ಅಟ್ಟಣೆ ಹತ್ತಿಬಿಟ್ಟರು. ದೇವಿಯನ್ನು ನೋಡಲು ಬಂದ ಜನವೆಲ್ಲ ಮೊಬೈಲ್ ಎತ್ತಿ ಅಪ್ಪನ ಫೋಟೊ ಹೊಡೆಯತೊಡಗಿತು.

ಪೆಂಡಾಲಿಗೆ ಅಟ್ಟಣೆ ಹೇಗೆ ಬಂತು ಎಂದಿರಾ? ಇಲ್ಲೀಗ ಪ್ರತಿ ಪೆಂಡಾಲಿಗೂ ಒಂದು ‘ಥೀಮ್’ ಬೇಕು. ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಗಳು ದುಡ್ಡು ಸುರಿಯತೊಡಗಿದ ಮೇಲಂತೂ ಪೈಪೋಟಿ ಕೇಳಲೇಬೇಡಿ. ಈ ಸಲ ಕಸ್ಬಾದ ಪೂಜಾ ಸಮಿತಿಯವರದು ‘ಆದಿವಾಸಿ ಗ್ರಾಮ’. ಆದಿವಾಸಿ ಚರಿತ್ರೆ ಪಾಠ ಮಾಡುವ ಮೇಡಂ ಪಕ್ಕದ ಬಾಲಿಗಂಜಿನಲ್ಲಿದ್ದಾರೆ ಎಂದು ನನ್ನ ಬಳಿ ಸಲಹೆ ಕೇಳಲು ಬಂದರು. (ನಾನೂ ಸೋಲಿಗರವಳೇ ಎಂದಾಗ ಸೆಕ್ರೆಟರಿ ಕಾಫಿ ಕೆಳಗಿಟ್ಟು ನನ್ನನ್ನು ಇನ್ನೊಮ್ಮೆ ನೋಡಿದರು.) ರಾತ್ರಿ ಹಂದಿ, ಆನೆಗಳಿಂದ ರಾಗಿ ಕಾಯಲು ನಮ್ಮ ಹೊಲದ ಮರದ ಮೇಲೆ ಅಪ್ಪ ಕಟ್ಟುವ ಅಟ್ಟಣೆಯ ಚಿತ್ರ ಬರೆದುಕೊಟ್ಟೆ. ಥೇಟ್ ಹಾಗೆಯೇ ಕಟ್ಟಿದರು. ಮೊದಲ ಬಹುಮಾನವೂ ಬಂತು.

ಅಷ್ಟರಲ್ಲಿ ಅಪ್ಪ ಊರಿಂದ ಬಂದಿಳಿದರು. ಖುಷಿಯಲ್ಲಿ ನಾನು ಏನೂ ಯೋಚಿಸಲಿಲ್ಲ. ರಾಗಿ ತೆನೆ ಕಟ್ಟುವ ಕಾಲದಲ್ಲಿ ಹೊಲ ಬಿಟ್ಟು ಕದಲುವ ಮನುಷ್ಯನೇ ಅಲ್ಲ ಅದು. ನನ್ನ ಮದುವೆಯನ್ನೇ ಸುಗ್ಗಿ ಮುಗಿಯಲಿ ಎಂದು ಮುಂದೆ ಹಾಕಿಸಿದ್ದರು.

ಅಟ್ಟಣೆ ಮೇಲಿನ ಅಪ್ಪನನ್ನು ನೋಡಿ ಸೆಕ್ರೆಟರಿಗೆ ಹಬ್ಬವೋ ಹಬ್ಬ. ಪೂಜೆ ಮುಗಿಯುವವರೆಗೂ ಸಂಜೆ ಹೊತ್ತು ಅಲ್ಲೇ ಕೂರಲಿ, ಬಹಳ ‘ನ್ಯಾಚುರಲ್’ ಆಗಿರುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪ ಏನು ಪ್ರದರ್ಶನದ ಗೊಂಬೆಯೇ? ಇವರು ಹೀಗನ್ನುತ್ತಿದ್ದಾರೆ, ಇಳಿದು ಬಾ, ಹೋಗೋಣ ಎಂದು ಕೂಗಿದೆ.

ಅಪ್ಪ ಕೂರುವುದಕ್ಕೆ ಒಪ್ಪಿಕೊಂಡುಬಿಡಬೇಕೇ? ಹಾಗಾದರೆ ಊರಲ್ಲಿ ಹೊಲ ಕಾಯುತ್ತಿರುವವರು ಯಾರು ಎಂದು ಆಗ ಕೇಳಿದೆ.

“ಹೊಲ ಎಲ್ಲದವ್ವ? ಹೋದ್ ತಿಂಗ್ಳು ಜೀಪಲ್ಲಿ ಬಂದ್ ಫಾರೆಸ್ಟ್‌ನೋರು ಇದು ಕಾಡಿನ್ ಜಾಗ, ನಿಮ್ದಲ್ಲ, ಒತ್ತುವರಿ ಅಂದ್ರು. ಬೇಲಿ ಹಾಕುದ್ರು. ಅಟ್ಟಣೆ ಕಿತ್ತಾಕ್ಬುಟ್ರು. ನಿನ್ ಪಾಠ ಕೆಡ್ತದೆ ಅಂತ ಹೇಳ್ನಿಲ್ಲ.”

ಆದಿವಾಸಿಗಳು ನೆಲ ಕಳೆದುಕೊಂಡ ಬಗೆಯನ್ನು ವರ್ಷಾನುಗಟ್ಟಲೆ ಕ್ಲಾಸಿನಲ್ಲಿ ಹೇಳಿದ್ದೇನೆ, ಬ್ರಿಟಿಷರ ಕಾಲದ ಕಥೆ ಎಂಬಂತೆ. ಇದು ಹೋದ ತಿಂಗಳಿನದು. ನನ್ನ ತಾತ ಹಸನು ಮಾಡಿದ ಹೊಲದ್ದು.

ಸಮಿತಿಯವರು ನನ್ನನ್ನು ಸನ್ಮಾನಕ್ಕೆ ಕರೆದಿದ್ದಾರೆ. ಹೋಗಿ ಒಂದೇ ಒಂದು ಮಾತು ಕೇಳಬೇಕೆಂದಿದ್ದೇನೆ: ನಮ್ಮ ಹೊಲದಲ್ಲಿ ಒತ್ತುವರಿ ಎನಿಸಿಕೊಂಡ ಅಟ್ಟಣೆ ಕಸ್ಬಾಕ್ಕೆ ಬಂದರೆ ಸಂಸ್ಕೃತಿಯಾಗುವುದು ಹೇಗೆ ಸ್ವಾಮಿ?