ಪೇಢೆ ಮುಟ್ಟಿದ ಬೆರಳು

ಊಟವಾಗಿ ಎರಡು ತಾಸಿಗೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅಳೆಯುವ ಮಷಿನ್‌ನಲ್ಲಿ 386 ಎಂದು ಬಂತು. ಊಟದ ನಂತರದ ಸಕ್ಕರೆ ಈ ತಿಂಗಳು ಇಳಿಯದಿದ್ದರೆ ಇನ್ಸುಲಿನ್ ಸೂಜಿ ಶುರು ಮಾಡಬೇಕು ಎಂದು ಸಿಂದಗಿಯ ಡಾಕ್ಟರರು ಹೇಳಿದ್ದರು. ಅದಕ್ಕೇ ಅನ್ನ ಬಿಟ್ಟು, ಒಂದೇ ಜೋಳದ ರೊಟ್ಟಿ, ಪಲ್ಯಕ್ಕೆ ನಿಂತಿದ್ದೆ.

"ಖರೇ ಹೇಳು, ಪೇಢೆ ಬಾಯಾಗ ಹಾಕ್ಕೊಂಡಿ, ಹೌದಿಲ್ಲ?" ಎಂದರು ಯಜಮಾನರು. ಮೈದುನ ಬಾಗೇವಾಡಿಯ ಗುಡಿಯಿಂದ ತಂದ ಪ್ರಸಾದದ ಪೇಢೆಯನ್ನು ಆಗಷ್ಟೇ ಮುರಿದು ಓಣಿಯವರಿಗೆಲ್ಲ ಹಂಚಿದ್ದೆ.

"ಬಸವಣ್ಣನ ಆಣಿ, ನಾಲಿಗಿಗೂ ಹಚ್ಚಿಲ್ರಿ!"

ಅವರು ನಂಬಲಿಲ್ಲ. ಅಳು ಬಂತು. ಆದರೂ ಬಿಡಲಿಲ್ಲ. ಮಷಿನ್ ಹಿಡಿದು ಪಕ್ಕದ ಮನೆಯ ನರ್ಸ್ ಶೋಭಾಳ ಹತ್ತಿರ ಹೋದೆ.

ಅವಳು ನನ್ನ ಬೆರಳು ಮುಟ್ಟಿ ನೋಡಿದಳು. "ಕೈ ತೊಳಕೊಂಡಿದ್ರೇನ್ರಿ ಅಕ್ಕಾರ?"

"ಪ್ರಸಾದದ ಕೈ ಹೆಂಗ ತೊಳೀಲಿ ಯವ್ವಾ? ತಲಿಗೆ ಒರಸ್ಕೊಂಡೆ."

ಶೋಭಾ ನಕ್ಕುಬಿಟ್ಟಳು. "ಹಂಗಾರ ಈ ಸಕ್ಕರಿ ರಕ್ತದ್ದಲ್ರಿ, ಬೆರಳಿಂದು! ಸಬಕಾರ ಹಚ್ಚಿ ತೊಳಕೊಂಡು, ಒರಸ್ಕೊಂಡು ಬರ್ರಿ."

ಕೈ ತೊಳೆದು ಬಂದ ಮೇಲೆ ಬೇರೆ ಬೆರಳು ಚುಚ್ಚಿದಳು. 164! ಹಿಂದಿನ ವಾರ 230 ಇತ್ತು. ಮನೆಗೆ ಬಂದು ಯಜಮಾನರಿಗೆ ತೋರಿಸಿದೆ. ಅವರು ಎದ್ದು ಹೋಗಿ ಚಹಾಕ್ಕಿಟ್ಟರು, ಸಕ್ಕರೆ ಹಾಕದೆ.

ಅಂದಿನಿಂದ ಬೆರಳು ಚುಚ್ಚುವ ಮೊದಲು ಕೈ ತೊಳೆಯುತ್ತೇನೆ, ದೇವರು ಅದಕ್ಕೆ ಮುನಿಯಲಾರ. ಪಟ್ಟ ಕಷ್ಟ ಸುಳ್ಳಾಗಲಿಲ್ಲ ಎಂಬುದೇ ಅವನ ಕೃಪೆ. ಎರಡು ತಿಂಗಳಾಯಿತು, ಇನ್ಸುಲಿನ್ ಇನ್ನೂ ನಮ್ಮ ಹೊಸ್ತಿಲು ದಾಟಿಲ್ಲ. ನನ್ನ ಕೈಲಾಗುವವರೆಗೆ ದಾಟಿಸುವುದೂ ಇಲ್ಲ.